ಸೀಮೆಗೊಬ್ಬರ, ಸುಣ್ಣ ಮತ್ತು ನಮ್ಮ ಕೆಂಪು ಮಣ್ಣು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ರೈತ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಸಂದರ್ಭದಲ್ಲಿ ಹಾರ, ತುರಾಯಿ, ಸನ್ಮಾನ ಎಲ್ಲ ಆಗಬೇಕಾದದ್ದೇ. ಆದರೆ ಸಂಘ ಇರುವುದು ಬೇಸಾಯಗಾರನಿಗಾಗಿ, ಬೇಸಾಯಗಾರ ಇರುವುದು ಮಣ್ಣಿನಿಂದ. ಹಾಗಾಗಿ ಮಣ್ಣಿನ ವಿಚಾರವಾಗಿ ನಾಲ್ಕು ಮಾತು ಆಡಬೇಕೆಂದು ಆಡಳಿತ ಮಂಡಳಿಯವರು ಅಪ್ಪಣೆ ಮಾಡಿದಾಗ ನಾವು ಸಂತೋಷದಿಂದ ಒಪ್ಪಿಕೊಂಡೆವು.

ಗೊಬ್ಬರದ ಮಳಿಗೆಯ ಮುಂದೆ ಮುಂಗಾರಿನಲ್ಲಿ ನಿಂತರೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. "ಮೊದಲು ಒಂದು ಮೂಟೆ ಹಾಕಿದರೆ ಪೈರು ಕಪ್ಪಾಗಿ ಏಳ್ತಿತ್ತು, ಈಗ ಎರಡು ಹಾಕಿದರೂ ಹದಿನೈದು ದಿನಕ್ಕೆ ಮತ್ತೆ ಹಳದಿ ತಿರುಗ್ತದೆ. ಗೊಬ್ಬರದಲ್ಲೇ ಏನೋ ಕಲಬೆರಕೆ ಇರಬೇಕು." ಕಲಬೆರಕೆ ಎಲ್ಲಾದರೂ ಇದ್ದರೆ ಅದನ್ನು ಹಿಡಿಯಲು ಇಲಾಖೆ ಇದೆ, ಕಾನೂನು ಇದೆ. ಆದರೆ ಗೊಬ್ಬರ ಚೊಕ್ಕವಾಗಿದ್ದೂ ಪೈರಿಗೆ ದಕ್ಕದೇ ಹೋಗುವುದುಂಟು. ತೂತು ಬಿದ್ದ ಕೊಡಕ್ಕೆ ಎಷ್ಟು ನೀರು ಸುರಿದರೇನು? ನಮ್ಮ ಮಣ್ಣಿಗೆ ಸಾರವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಎಷ್ಟಿದೆ, ಸೀಮೆಗೊಬ್ಬರ ಅದನ್ನು ಏನು ಮಾಡುತ್ತದೆ, ಸುಣ್ಣ ಏನು ಮಾಡುತ್ತದೆ, ಇದೇ ಇವತ್ತಿನ ನಮ್ಮ ವಿಷಯ.

ನಮ್ಮ ಮಣ್ಣು ಬಂಡೆಯ ಮಗ

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಜಿಲ್ಲೆಯಾದ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ನಮ್ಮ ಸೀಮೆಯಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ತಾಲ್ಲೂಕುಗಳಿಗೆ ಒಂದು ಸಮಾನ ಗುರುತು ಇದೆ. ಅದು ಬಂಡೆ. ರಾಮದೇವರ ಬೆಟ್ಟವಾಗಲಿ, ಸಾವನದುರ್ಗವಾಗಲಿ ಎಲ್ಲ ಒಂದೇ ವಂಶದ ಕಲ್ಲು. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು. ಭೂವಿಜ್ಞಾನಿಗಳು ಆ ಹೆಸರಿನಿಂದಲೇ ಈ ಕಲ್ಲನ್ನು ಇವತ್ತಿಗೂ 'ಕ್ಲೋಸ್‌ಪೇಟೆ ಗ್ರಾನೈಟ್' ಎಂದು ಕರೆಯುತ್ತಾರೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ.

ಈ ಬಂಡೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಹರಳು. ಒಂದು ಬೆಣಚುಕಲ್ಲಿನದು. ಅದು ಕರಗುವುದಿಲ್ಲ, ಮರಳಾಗಿ ಉಳಿಯುತ್ತದೆ. ಇನ್ನೊಂದು ಫೆಲ್ಡ್‌ಸ್ಪಾರ್ ಎಂಬುದು. ಅದು ಬಿಸಿಲು ಮಳೆಗೆ ಸವೆದು ಜೇಡಿಯಾಗುತ್ತದೆ. ಸವೆಯುವಾಗ ಅದರೊಳಗಿದ್ದ ಸುಣ್ಣದಂಶ, ಪೊಟ್ಯಾಷ್ ಎಲ್ಲ ಲಕ್ಷಾಂತರ ವರ್ಷಗಳ ಮಳೆಯಲ್ಲಿ ತೊಳೆದು ಹೋಗಿವೆ. ಉಳಿದದ್ದು ಕಯೋಲಿನ್ ಜಾತಿಯ ಬಡ ಜೇಡಿ, ಮರಳು ಮತ್ತು ಮಣ್ಣಿಗೆ ಕೆಂಪು ಬಣ್ಣ ಕೊಡುವ ಕಬ್ಬಿಣದ ತುಕ್ಕು. ಇದೇ ನಮ್ಮ ಕೆಂಪು ಮರಳು ಮಿಶ್ರಿತ ಗೋಡು ಮಣ್ಣು.

ಈ ಮಣ್ಣಿನಲ್ಲಿ ಒಳ್ಳೆಯ ಗುಣಗಳೂ ಇವೆ. ನೀರು ಬೇಗ ಇಂಗುತ್ತದೆ, ಮಳೆ ಬಂದ ಮೂರನೇ ದಿನಕ್ಕೆ ಹದ ಸಿಗುತ್ತದೆ, ಬೇರು ಸಲೀಸಾಗಿ ಇಳಿಯುತ್ತದೆ. ರಾಗಿ, ಅವರೆ, ಹಿಪ್ಪುನೇರಳೆ, ಮಾವು, ತೆಂಗು ಎಲ್ಲವೂ ಇಲ್ಲಿ ಬೆಳೆದು ತೋರಿಸಿವೆ. ಆದರೆ ಕೊಟ್ಟದ್ದನ್ನು ಜೋಪಾನ ಮಾಡುವ ಗುಣ ಮಾತ್ರ ಇದಕ್ಕೆ ಕಡಿಮೆ.

ಕೊಟ್ಟಿಗೆಯ ಗೂಟ

ಇದನ್ನು ತಿಳಿಯುವುದಕ್ಕೆ ನಮ್ಮ ದನದ ಕೊಟ್ಟಿಗೆಯನ್ನೇ ನೆನೆಯೋಣ. ಕೊಟ್ಟಿಗೆಯಲ್ಲಿ ಎಷ್ಟು ಗೂಟ ಇವೆಯೋ ಅಷ್ಟು ದನ ಕಟ್ಟಬಹುದು. ಗೂಟ ಹತ್ತೇ ಇದ್ದು ದನ ಇಪ್ಪತ್ತು ತಂದರೆ ಉಳಿದ ಹತ್ತು ಬೇಲಿ ದಾಟಿ ಹೋಗುತ್ತವೆ.

ಮಣ್ಣಿನ ಜೇಡಿಯ ಕಣದ ಮೇಲೂ ಹೀಗೆ ಕಣ್ಣಿಗೆ ಕಾಣದ ಗೂಟಗಳಿವೆ. ಅವು ಋಣ ವಿದ್ಯುತ್ತಿನ ಜಾಗಗಳು. ಸುಣ್ಣದಂಶವಾದ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷ್, ಯೂರಿಯಾದಿಂದ ಬರುವ ಅಮೋನಿಯಂ ಇವೆಲ್ಲ ಧನ ವಿದ್ಯುತ್ತಿನವು. ಇವು ಆ ಗೂಟಕ್ಕೆ ಕಟ್ಟಿಕೊಂಡು ನಿಲ್ಲುತ್ತವೆ. ಬೇರು ಬಂದು ಕೇಳಿದಾಗ ಬಿಚ್ಚಿಕೊಂಡು ಹೋಗುತ್ತವೆ. ಮಳೆ ಬಂದರೆ ಸುಲಭಕ್ಕೆ ಕದಲುವುದಿಲ್ಲ.

ಉತ್ತರ ಕರ್ನಾಟಕದ ಎರೆ ಮಣ್ಣಿನ ಜೇಡಿಯಲ್ಲಿ ಗೂಟ ದಂಡಿಯಾಗಿವೆ. ನಮ್ಮ ಕಯೋಲಿನ್ ಜೇಡಿಯಲ್ಲಿ ತೂಕಕ್ಕೆ ತೂಕ ನೋಡಿದರೆ ಅದರ ಹತ್ತರಲ್ಲಿ ಒಂದು ಪಾಲಿನಷ್ಟು ಇದ್ದರೆ ಹೆಚ್ಚು. ಅದರ ಮೇಲೆ ನಮ್ಮಲ್ಲಿ ಮರಳಿನ ಪಾಲು ಬೇರೆ ಜಾಸ್ತಿ, ಮರಳಿಗೆ ಗೂಟವೇ ಇಲ್ಲ. ಆದರೆ ಕಳಿತ ಗೊಬ್ಬರದ ಕಪ್ಪು ಸಾರ ಇದೆಯಲ್ಲ, ಹ್ಯೂಮಸ್ ಅನ್ನುತ್ತಾರೆ, ಅದರಲ್ಲಿ ನಮ್ಮ ಜೇಡಿಗಿಂತ ಹತ್ತಿಪ್ಪತ್ತು ಪಟ್ಟು ಗೂಟ. ಅದಕ್ಕೇ ಕೊಟ್ಟಿಗೆ ಗೊಬ್ಬರಕ್ಕೆ ಈ ಸೀಮೆಯಲ್ಲಿ ಇಷ್ಟು ಬೆಲೆ.

ಇನ್ನೊಂದು ಸಂಗತಿ ಇದೆ, ದಯಮಾಡಿ ಗಮನಿಸಿ. ಎರೆ ಮಣ್ಣಿನ ಗೂಟ ಬಹುಮಟ್ಟಿಗೆ ನೆಟ್ಟ ಗೂಟ, ಅದು ಬದಲಾಗುವುದಿಲ್ಲ. ನಮ್ಮ ಕೆಂಪು ಮಣ್ಣಿನ ಜೇಡಿ ಮತ್ತು ಗೊಬ್ಬರದ ಸಾರದ ಗೂಟಗಳಲ್ಲಿ ದೊಡ್ಡ ಪಾಲು ಹೆಚ್ಚು ಕಡಿಮೆ ಆಗುವಂಥವು. ಮಣ್ಣು ಹುಳಿಯಾದರೆ ಕಡಿಮೆಯಾಗುತ್ತವೆ, ಹುಳಿ ಇಳಿದರೆ ಹೆಚ್ಚಾಗುತ್ತವೆ. ಅಂದರೆ ಮಣ್ಣಿನ ಹುಳಿಯನ್ನು ಹದದಲ್ಲಿ ಇಡುವುದು ಅಂದರೆ ಗೂಟದ ಸಂಖ್ಯೆಯನ್ನೇ ಕಾಯ್ದುಕೊಂಡ ಹಾಗೆ. ಉಷ್ಣವಲಯದ ಮಣ್ಣಿನಲ್ಲಿ ಸುಣ್ಣಕ್ಕೆ ಇಷ್ಟು ಮಹತ್ವ ಬಂದಿರುವುದು ಇದರಿಂದ.

ಯೂರಿಯಾ ಒಳ್ಳೆಯದು, ಒಂಟಿ ಯೂರಿಯಾ ಒಳ್ಳೆಯದಲ್ಲ

ಯೂರಿಯಾ ವಿಷ ಅಂತ ನಾವು ಹೇಳುವವರಲ್ಲ. ಸಾರಜನಕ ಇಲ್ಲದೆ ರಾಗಿ ತೆನೆ ಕಟ್ಟುವುದಿಲ್ಲ, ಹಿಪ್ಪುನೇರಳೆ ಎಲೆ ಅಗಲವಾಗುವುದಿಲ್ಲ. ಆದರೆ ಯೂರಿಯಾ ಭೂಮಿಗೆ ಬಿದ್ದ ಮೇಲೆ ಏನಾಗುತ್ತದೆ ಅಂತ ತಿಳಿದಿರಬೇಕು.

ಯೂರಿಯಾ ಮೊದಲು ಅಮೋನಿಯಂ ಆಗುತ್ತದೆ, ಅದು ಗೂಟಕ್ಕೆ ಕಟ್ಟಿಕೊಳ್ಳುವಂಥದ್ದು. ಆದರೆ ಒಂದೆರಡು ವಾರದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಹಾಗೆ ಮಾಡುವಾಗ ಆಮ್ಲ ಬಿಡುಗಡೆಯಾಗುತ್ತದೆ. ನೈಟ್ರೇಟ್ ಋಣ ವಿದ್ಯುತ್ತಿನದು, ಅದಕ್ಕೆ ಗೂಟವೇ ಇಲ್ಲ. ಪೈರು ಆಗಲೇ ಕುಡಿದರೆ ಸರಿ, ಇಲ್ಲದಿದ್ದರೆ ಮಳೆ ನೀರಿನ ಜೊತೆ ಕೆಳಕ್ಕೆ ಇಳಿಯುತ್ತದೆ. ಒಂಟಿಯಾಗಿ ಇಳಿಯುವುದೂ ಇಲ್ಲ. ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷ್‌ಗಳನ್ನು ಗೂಟದಿಂದ ಬಿಚ್ಚಿ ಕೈ ಹಿಡಿದು ಕರೆದೊಯ್ಯುತ್ತದೆ. ಖಾಲಿಯಾದ ಗೂಟಕ್ಕೆ ಆಮ್ಲವೂ ಅಲ್ಯೂಮಿನಿಯಂ ಎಂಬ ಕೆಡುಕನೂ ಬಂದು ಕಟ್ಟಿಕೊಳ್ಳುತ್ತವೆ. ದುಡ್ಡು ಕೊಟ್ಟು ತಂದ ದನ ಕಾಡು ಸೇರಿ, ಬೀದಿ ಗೂಳಿ ಕೊಟ್ಟಿಗೆಯಲ್ಲಿ ನಿಂತ ಹಾಗೆ!

ಲೆಕ್ಕ ಹೇಳಿದರೆ ಇನ್ನೂ ಸ್ಪಷ್ಟವಾಗುತ್ತದೆ. 100 ಕೆಜಿ ಯೂರಿಯಾ ಬಿಡುವ ಹುಳಿಯನ್ನು ಕಳೆಯಲು ಸುಮಾರು 80 ಕೆಜಿ ಸುಣ್ಣದ ಕಲ್ಲಿನ ಪುಡಿ ಬೇಕು ಎನ್ನುವುದು ಕೃಷಿ ಪುಸ್ತಕಗಳ ಲೆಕ್ಕ. 100 ಕೆಜಿ ಅಮೋನಿಯಂ ಸಲ್ಫೇಟ್‌ಗಾದರೆ ಸುಮಾರು 110 ಕೆಜಿ. ಈಗ 45 ಕೆಜಿಯ ಒಂದು ಮೂಟೆ ಯೂರಿಯಾಕ್ಕೆ ಹಿಡಿಯಿರಿ, ಸುಮಾರು 36 ಕೆಜಿ ಆಯಿತು. ಮಳೆ ನಂಬಿದ ರಾಗಿಗೆ ಎಕರೆಗೆ 20 ಕೆಜಿ ಸಾರಜನಕ ಸಾಕು, ಅದು ಹೆಚ್ಚು ಕಡಿಮೆ ಒಂದು ಮೂಟೆ ಯೂರಿಯಾದಲ್ಲಿ ಇರುವಷ್ಟು. ಆದ್ದರಿಂದ ರಾಗಿ ಹೊಲದಲ್ಲಿ ಹುಳಿ ನಿಧಾನ. ಆದರೆ ರೇಷ್ಮೆಯವರು ಕೇಳಿ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ವಿ-1 ತಳಿಯ ನೀರಾವರಿ ತೋಟಕ್ಕೆ ಶಿಫಾರಸು ವರ್ಷಕ್ಕೆ ಹೆಕ್ಟೇರಿಗೆ 350 ಕೆಜಿ ಸಾರಜನಕ, ಎಂದರೆ ಎಕರೆಗೆ 140 ಕೆಜಿ. ಅಷ್ಟನ್ನೂ ಯೂರಿಯಾದಲ್ಲೇ ಕೊಟ್ಟರೆ 300 ಕೆಜಿಗೂ ಮೇಲೆ, ಸುಮಾರು 7 ಮೂಟೆ. ಆ ಹುಳಿಗೆ ಎದುರಾಗಿ ಎರಡು ಕ್ವಿಂಟಾಲಿಗೂ ಹೆಚ್ಚು ಸುಣ್ಣದ ಕಲ್ಲಿನ ಪುಡಿ ಬೇಕಾದೀತು, ಅದೂ ಪ್ರತಿ ವರ್ಷ. ಇದರ ಜೊತೆಗೆ ಕಟಾವಿಗೊಂದು ಸಾರಿ ಎಲೆಯ ಮೂಲಕವೂ ಸುಣ್ಣದಂಶ ತೋಟದಿಂದ ಹೊರಗೆ ಹೋಗುತ್ತಾ ಇರುತ್ತದೆ.

ಅದೇ ಶಿಫಾರಸಿನಲ್ಲಿ ಇನ್ನೊಂದು ಸಾಲು ಇದೆ, ಅದನ್ನು ಓದುವವರು ಕಡಿಮೆ. ವರ್ಷಕ್ಕೆ ಹೆಕ್ಟೇರಿಗೆ 20 ಟನ್, ಎಂದರೆ ಎಕರೆಗೆ 8 ಟನ್ ಕೊಟ್ಟಿಗೆ ಗೊಬ್ಬರ. ಮೊದಲ ಸಾಲು ಪಾಲಿಸಿ ಎರಡನೆಯದನ್ನು ಬಿಟ್ಟರೆ ಅದು ಶಿಫಾರಸು ಪಾಲಿಸಿದಂತೆ ಆಗುವುದಿಲ್ಲ.

ಯೂರಿಯಾ ಕಡೆಗೇ ಎಲ್ಲರ ಕೈ ಹೋಗುವುದಕ್ಕೆ ಕಾರಣ ರೈತನ ತಿಳಿಗೇಡಿತನ ಅಂತ ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. 1992ರ ಆಗಸ್ಟಿನಲ್ಲಿ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣ ತೆಗೆದರು, ಯೂರಿಯಾಕ್ಕೆ ಉಳಿಸಿದರು. 2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಬಂದಾಗಲೂ ಯೂರಿಯಾವನ್ನು ಅದರ ಹೊರಗೆ ಇಟ್ಟರು. ಒಂದು ಮೂಟೆ ಅಗ್ಗ, ಇನ್ನೊಂದು ತುಟ್ಟಿ ಆದಾಗ ಕೈಯಲ್ಲಿ ಕಾಸಿಲ್ಲದವನು ಅಗ್ಗದ್ದನ್ನೇ ಹೊತ್ತುಕೊಂಡು ಹೋಗುತ್ತಾನೆ. ಆದರೆ ಬೆಲೆ ಯಾರು ಇಟ್ಟರೂ ಹುಳಿಯಾಗುವುದು ನಮ್ಮ ಹೊಲ.

ಹುಳಿಯಾದ ಮಣ್ಣಿನಲ್ಲಿ ರಂಜಕಕ್ಕೂ ಕಷ್ಟ. ಅದು ಕಬ್ಬಿಣ, ಅಲ್ಯೂಮಿನಿಯಂಗಳ ಜೊತೆ ಬೆಸೆದುಕೊಂಡು ಬೇರಿನ ಕೈಗೆ ಸಿಗದಂತೆ ಆಗುತ್ತದೆ. ಡಿಎಪಿ ಹಾಕಿದ್ದೂ ಹೌದು, ಮಣ್ಣಿನಲ್ಲಿ ಇರುವುದೂ ಹೌದು, ಪೈರಿಗೆ ಮಾತ್ರ ಇಲ್ಲ. ಅವರೆ, ತೊಗರಿ, ಕಡಲೆಕಾಯಿ ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಡುವ ಜೀವಿಗಳೂ ಹುಳಿಯಲ್ಲಿ ಸೊರಗುತ್ತವೆ. ಇನ್ನು ಕೆಳಕ್ಕೆ ಇಳಿದ ನೈಟ್ರೇಟ್ ಎಲ್ಲಿ ಹೋಯಿತು ಅಂತೀರಿ? ನಮ್ಮದೇ ಬಾವಿಗೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಮೀರಿದರೆ ಹಸುಗೂಸುಗಳ ಪ್ರಾಣಕ್ಕೇ ಅಪಾಯ.

ಪ್ರಯೋಗದ ತಾಕುಗಳು ಹೇಳಿದ ಮಾತು

ಇದು ಬಾಯಿ ಮಾತಲ್ಲ. ನಮ್ಮ ರಾಜ್ಯದಲ್ಲಿ ಮಣ್ಣು ಗೊಬ್ಬರದ ಪ್ರಯೋಗಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟರು. ಡಾ. ಲೆಹ್ಮನ್ ಎಂಬ ರಸಾಯನ ತಜ್ಞರು ಅಲ್ಲಿ ಮಣ್ಣಿನ ಅಧ್ಯಯನ ಶುರು ಮಾಡಿದರು. ಮುಂದೆ ಅದೇ ಬೆಳೆದು ಇವತ್ತಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಬುನಾದಿ ಆಯಿತು.

ಆ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣದಲ್ಲಿ 1986ರಿಂದ ಒಂದು ದೀರ್ಘಕಾಲದ ಪ್ರಯೋಗ ಇದೆ. ನಮ್ಮಂಥದ್ದೇ ಕೆಂಪು ಮಣ್ಣು, ಬೆಳೆ ರಾಗಿ, ಅದರ ಹಿಂದೆ ಮುಸುಕಿನ ಜೋಳ. ಒಂದು ತಾಕಿಗೆ ಏನೂ ಇಲ್ಲ, ಒಂದಕ್ಕೆ ಸಾರಜನಕ ಮಾತ್ರ, ಒಂದಕ್ಕೆ ಸಾರಜನಕ ರಂಜಕ, ಒಂದಕ್ಕೆ ಮೂರೂ, ಒಂದಕ್ಕೆ ಮೂರರ ಜೊತೆ ಸುಣ್ಣ, ಒಂದಕ್ಕೆ ಮೂರರ ಜೊತೆ ಕೊಟ್ಟಿಗೆ ಗೊಬ್ಬರ, ಇನ್ನೊಂದಕ್ಕೆ ಗೊಬ್ಬರವೂ ಸುಣ್ಣವೂ. ವರ್ಷ ವರ್ಷವೂ ಅದೇ ತಾಕಿಗೆ ಅದೇ ಉಪಚಾರ. ಫಲ ಏನು? ಸಾರಜನಕ ಮಾತ್ರ ಉಂಡ ತಾಕು ವರ್ಷ ಕಳೆದಂತೆ ಹುಳಿಯಾಗುತ್ತಾ ಬಂದು, ಇಳುವರಿ ಏನೂ ಹಾಕದ ತಾಕಿನ ಮಟ್ಟಕ್ಕೇ ಕುಸಿಯಿತು. ಮೂರೂ ಸಾರದ ಜೊತೆ ಕೊಟ್ಟಿಗೆ ಗೊಬ್ಬರ, ಅಥವಾ ಗೊಬ್ಬರ ಸುಣ್ಣ ಎರಡೂ ಸಿಕ್ಕ ತಾಕುಗಳು ಮುಂದೆ ನಿಂತವು. ಇದೇ ಮಾದರಿಯ ಪ್ರಯೋಗದಲ್ಲಿ ಜಾರ್ಖಂಡಿನ ರಾಂಚಿ, ಹಿಮಾಚಲದ ಪಾಲಂಪುರಗಳ ಹುಳಿ ಮಣ್ಣೂ ಹೀಗೇ ನಡೆದುಕೊಂಡಿತು.

ಜಿಕೆವಿಕೆಯಲ್ಲೇ 1978ರಿಂದ ಮಳೆ ಆಶ್ರಯದ ರಾಗಿಯ ಮೇಲೆ ಇನ್ನೊಂದು ಪ್ರಯೋಗ ನಡೆದಿದೆ. ಅದರ ಪಾಠವೂ ಒಂದೇ. ಬರೀ ಸೀಮೆಗೊಬ್ಬರದ ಇಳುವರಿ ಕಾಲಕ್ರಮೇಣ ಇಳಿಯಿತು, ಕೊಟ್ಟಿಗೆ ಗೊಬ್ಬರ ಸೀಮೆಗೊಬ್ಬರ ಜೋಡಿಯಾಗಿ ಹೋದಲ್ಲಿ ಇಳುವರಿ ನಿಂತಿತು.

ದೂರದ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1856ರಿಂದ ಒಂದು ಹುಲ್ಲುಗಾವಲಿನ ಪ್ರಯೋಗ ಇದೆ. ಸುಣ್ಣವಿಲ್ಲದೆ ವರ್ಷಾನುಗಟ್ಟಲೆ ಅಮೋನಿಯಂ ಸಲ್ಫೇಟ್ ಹಾಕಿದ ತಾಕುಗಳ ರಸಸಾರ 3.5ರ ಸುಮಾರಿಗೆ ಇಳಿದಿದೆ. ಹುಣಿಸೆ ರಸಕ್ಕೆ ಹತ್ತಿರದ ಹುಳಿ ಅದು. ಪಕ್ಕದಲ್ಲೇ ಸುಣ್ಣ ಬಿದ್ದ ಭಾಗ ಚೆನ್ನಾಗಿದೆ. ಮಣ್ಣು ಯಾವ ದೇಶದ್ದಾದರೇನು, ನಿಯಮ ಒಂದೇ.

ಸುಣ್ಣ ಮಾಡುವ ಮೂರು ಉಪಕಾರ

ಸುಣ್ಣ ನಮಗೆ ಹೊಸತಲ್ಲ. ವೀಳ್ಯಕ್ಕೆ ಬೇಕು, ಗೋಡೆಗೆ ಬೇಕು. ಹುಳು ಜ್ವರಕ್ಕೆ ಕೂತಾಗ ತಟ್ಟೆಯ ಮೇಲೆ ಸುಣ್ಣದ ಪುಡಿ ಉದುರಿಸುವುದು ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು. ಅದೇ ಸುಣ್ಣ ಹೊಲದಲ್ಲಿ ಮೂರು ಉಪಕಾರ ಮಾಡುತ್ತದೆ.

ಮೊದಲನೆಯದು, ಗೂಟ ಹಿಡಿದು ಕೂತ ಆಮ್ಲ ಮತ್ತು ಅಲ್ಯೂಮಿನಿಯಂಗಳನ್ನು ಎಬ್ಬಿಸಿ ಆ ಜಾಗಕ್ಕೆ ಕ್ಯಾಲ್ಸಿಯಂ ಕಟ್ಟುತ್ತದೆ. ಎರಡನೆಯದು, ಹುಳಿ ಇಳಿದ ಮಣ್ಣಿನಲ್ಲಿ ಹೊಸ ಗೂಟ ಮೂಡುತ್ತವೆ, ಮುಂದೆ ಹಾಕುವ ಪೊಟ್ಯಾಷ್ ಮತ್ತು ಅಮೋನಿಯಂ ನಿಲ್ಲಲು ಜಾಗವಾಗುತ್ತದೆ. ಮೂರನೆಯದು, ಬೆಸೆದುಕೊಂಡಿದ್ದ ರಂಜಕ ಸಡಿಲವಾಗಿ ಬೇರಿಗೆ ಸಿಗುತ್ತದೆ. ಬೇರು ಆಳಕ್ಕೆ ಇಳಿದು ನೈಟ್ರೇಟ್ ಓಡಿಹೋಗುವ ಮುಂಚೆ ಹಿಡಿದುಕೊಳ್ಳುತ್ತದೆ.

ಯಾವ ಸುಣ್ಣ? 100 ಕೆಜಿ ಸುಣ್ಣದ ಕಲ್ಲಿನ ಪುಡಿಯ ಕೆಲಸವನ್ನು 74 ಕೆಜಿ ಅರಳಿದ ಸುಣ್ಣ, ಇಲ್ಲವೆ 56 ಕೆಜಿ ಸುಟ್ಟ ಸುಣ್ಣ ಮಾಡುತ್ತದೆ. ಕಲ್ಲಿನ ಪುಡಿ ನಿಧಾನ, ಆದರೆ ಕೈಗೂ ಮಣ್ಣಿಗೂ ಸೌಮ್ಯ. ಪುಡಿ ನುಣ್ಣಗಿದ್ದಷ್ಟೂ ಒಳ್ಳೆಯದು, ದಪ್ಪ ಹರಳು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಡೋಲೊಮೈಟ್ ಪುಡಿಯಲ್ಲಿ ಮೆಗ್ನೀಷಿಯಂ ಕೂಡ ಇರುವುದರಿಂದ ತೆಂಗು, ಹಿಪ್ಪುನೇರಳೆಗೆ ಲೇಸು. ಒಲೆಯ ಬೂದಿಯಲ್ಲೂ ಸುಣ್ಣದ ಗುಣ, ಪೊಟ್ಯಾಷ್ ಎರಡೂ ಇವೆ, ಹಿತ್ತಲಿಗೆ ಅದೇ ಸಾಕು. ಜಿಪ್ಸಂ ಸುಣ್ಣವಲ್ಲ. ಅದು ಕ್ಯಾಲ್ಸಿಯಂ, ಗಂಧಕ ಕೊಡುತ್ತದೆ, ಕಡಲೆಕಾಯಿಗೆ ಬಹಳ ಒಳ್ಳೆಯದು, ಆದರೆ ಹುಳಿ ಇಳಿಸುವುದಿಲ್ಲ.

ಹಾಕುವ ಕ್ರಮ ಹೀಗೆ. ಬಿತ್ತನೆಗೆ ಮೂರು ನಾಲ್ಕು ವಾರ ಮುಂಚೆ, ಮುಂಗಾರು ಪೂರ್ವದ ಮಳೆಗೆ ಉತ್ತ ಹೊಲದಲ್ಲಿ ಸಮನಾಗಿ ಎರಚಿ, ಕುಂಟೆ ಹೊಡೆದು ಮಣ್ಣಿಗೆ ಬೆರೆಸಬೇಕು. ಗಾಳಿ ಇಲ್ಲದ ಹೊತ್ತು ನೋಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಸುಟ್ಟ ಸುಣ್ಣವಾದರೆ ಕಣ್ಣಿನ ಬಗ್ಗೆ ಬಹಳ ಎಚ್ಚರ ಬೇಕು. ಯೂರಿಯಾ, ಅಮೋನಿಯಂ ಸಲ್ಫೇಟ್, ಹಸಿ ಸಗಣಿ ಗೊಬ್ಬರದ ಜೊತೆ ಸುಣ್ಣ ಬೆರೆಸಲೇಬೇಡಿ, ಸಾರಜನಕ ಗಾಳಿಗೆ ಹಾರಿಹೋಗುತ್ತದೆ. ಸೂಪರ್ ಫಾಸ್ಫೇಟ್ ಜೊತೆಗೂ ಬೇಡ, ರಂಜಕ ಗಟ್ಟಿಯಾಗುತ್ತದೆ. ಎರಡಕ್ಕೂ ನಡುವೆ ಎರಡು ಮೂರು ವಾರ ಬಿಡಿ.

ಎಲ್ಲರಿಗೂ ಸುಣ್ಣ ಬೇಕಿಲ್ಲ

ಬಂಧುಗಳೆ, ಇಷ್ಟು ಕೇಳಿ ನಾಳೆಯೇ ಎಲ್ಲರೂ ಸುಣ್ಣದ ಲಾರಿ ತರಿಸಬೇಡಿ. ನಮ್ಮ ನಾಲ್ಕು ತಾಲ್ಲೂಕಿನ ಮಣ್ಣೆಲ್ಲ ಹುಳಿ ಅಲ್ಲ. ಮಲೆನಾಡು, ಕರಾವಳಿಯಷ್ಟು ಮಳೆಯೂ ನಮ್ಮಲ್ಲಿಲ್ಲ. ಎತ್ತರದ ಖುಷ್ಕಿ ಹೊಲ ಹುಳಿ ಇರಬಹುದು, ಅದರ ಕೆಳಗಿನ ಗದ್ದೆ ಸಮ ಇರಬಹುದು. ಗಡಸು ನೀರಿನ ಕೊಳವೆ ಬಾವಿಯಿಂದ ವರ್ಷಾನುಗಟ್ಟಲೆ ಹಾಯಿಸಿದ ತೆಂಗಿನ ತೋಟ ಚೌಳಿನ ಕಡೆಗೇ ವಾಲಿರಬಹುದು. ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ವೃಷಭಾವತಿಯ ಕೊಳಚೆ ನೀರು ಬಂದು ಸೇರುತ್ತದೆ. ಅಂಥ ನೀರು ಹರಿದ ಜಮೀನಿನ ಸಮಸ್ಯೆಯೇ ಬೇರೆ, ಅಲ್ಲಿ ಸುಣ್ಣ ಹಾಕಿದರೆ ಗಾಯಕ್ಕೆ ಉಪ್ಪು ಸವರಿದಂತೆ.

ಅಗತ್ಯಕ್ಕಿಂತ ಹೆಚ್ಚು ಸುಣ್ಣ ಬಿದ್ದರೆ ಸತು, ಬೋರಾನ್, ಕಬ್ಬಿಣ, ಮ್ಯಾಂಗನೀಸ್ ಪೈರಿಗೆ ಸಿಗದಂತಾಗುತ್ತವೆ. ಸತು, ಬೋರಾನ್, ಗಂಧಕಗಳ ಕೊರತೆ ನಮ್ಮ ರಾಜ್ಯದಲ್ಲಿ ಎಷ್ಟು ವ್ಯಾಪಕ ಎಂಬುದು 2009ರಲ್ಲಿ ಶುರುವಾದ ಭೂಚೇತನ ಕಾರ್ಯಕ್ರಮದ ಮಣ್ಣು ಪರೀಕ್ಷೆಯಲ್ಲಿ ಎದ್ದು ಕಂಡಿತ್ತು. ಮರಳು ಮಣ್ಣಿಗೆ ಸುಣ್ಣ ಸ್ವಲ್ಪವೇ ಸಾಕು, ಜೇಡಿ ಹೆಚ್ಚಿರುವ ಮಣ್ಣಿಗೆ ಅಷ್ಟೇ ಹುಳಿ ಇದ್ದರೂ ಹೆಚ್ಚು ಬೇಕು. ಇದನ್ನು ಪ್ರಯೋಗಾಲಯವೇ ಹೇಳಬೇಕು.

ಪರೀಕ್ಷೆಯ ಚೀಟಿ ಬಂದಾಗ ಮೊದಲು ರಸಸಾರದ ಅಂಕಿ ನೋಡಿ. 7 ಅಂದರೆ ಸಮ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು. 6.5ರಿಂದ 7.5ರ ಒಳಗಿದ್ದರೆ ಸುಣ್ಣದ ಸುದ್ದಿ ಬೇಡ, 7.5 ಮೀರಿದರೆ ಅಂತೂ ಬೇಡವೇ ಬೇಡ. 5.5ರಿಂದ 6.5ರ ನಡುವೆ ಇದ್ದರೆ ಕೊಟ್ಟಿಗೆ ಗೊಬ್ಬರ ಹೆಚ್ಚಿಸಿ. ರಾಗಿ ಅಷ್ಟು ಹುಳಿ ತಡೆದುಕೊಳ್ಳುತ್ತದೆ, ಹಿಪ್ಪುನೇರಳೆ ಮತ್ತು ದ್ವಿದಳಕ್ಕೆ ಮಾತ್ರ ತಜ್ಞರನ್ನು ಕೇಳಿ ಸುಣ್ಣ ಕೊಡಿ. 5.5ಕ್ಕಿಂತ ಕೆಳಗೆ ಇಳಿದಿದ್ದರೆ ಸುಣ್ಣವನ್ನು ಮುಂದೂಡಬೇಡಿ.

ಮಣ್ಣು ತೆಗೆಯುವುದರಲ್ಲೂ ಕ್ರಮ ಇದೆ. ಒಂದು ಎಕರೆಯಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ತೆಗೆಯಬೇಕು. ರಾಗಿ ಹೊಲಕ್ಕೆ ಅರ್ಧ ಅಡಿ ಆಳ, ಹಿಪ್ಪುನೇರಳೆಗೆ ಒಂದು ಅಡಿ. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ, ಈಚೆಗೆ ಗೊಬ್ಬರ ಹಾಕಿದ ಜಾಗ ಬಿಡಿ. ಹನಿ ನೀರಾವರಿಯಲ್ಲಿ ಯೂರಿಯಾ ಬಿಡುವವರು ಹನಿ ಬೀಳುವ ಬುಡದ ಮಣ್ಣನ್ನು ಬೇರೆಯಾಗಿಯೂ ತೆಗೆಸಿ, ಹುಳಿ ಕೂಡಿಕೊಳ್ಳುವುದು ಅಲ್ಲೇ. ಎಲ್ಲ ಬೆರೆಸಿ ಅರ್ಧ ಕೆಜಿ ಉಳಿಸಿಕೊಂಡು, ನೆರಳಲ್ಲಿ ಒಣಗಿಸಿ, ಹೆಸರು ಸರ್ವೆ ನಂಬರ್ ಬರೆದು ಕೊಡಿ.

ಗೂಟ ಹೆಚ್ಚಿಸುವ ಕೆಲಸ

ಸುಣ್ಣ ಒಂದನ್ನೇ ನಂಬಿದರೂ ಕೇಡಿದೆ. ಸುಣ್ಣ ಬಿದ್ದಾಗ ಸೂಕ್ಷ್ಮಜೀವಿಗಳು ಚುರುಕಾಗಿ ಮಣ್ಣಿನಲ್ಲಿದ್ದ ಕಪ್ಪು ಸಾರವನ್ನು ಬೇಗ ಕರಗಿಸುತ್ತವೆ. ಮೊದಲೆರಡು ವರ್ಷ ಬೆಳೆ ಚೆನ್ನಾಗಿ ಬರುತ್ತದೆ, ಆಮೇಲೆ ಗೊಬ್ಬರ ಹಾಕದಿದ್ದರೆ ಮಣ್ಣು ಬರಿದಾಗುತ್ತದೆ. ಸುಣ್ಣ ಅಪ್ಪನನ್ನು ಸಾಹುಕಾರ ಮಾಡಿ ಮಗನನ್ನು ಬಡವ ಮಾಡುತ್ತದೆ ಎಂಬ ಗಾದೆ ಯೂರೋಪಿನ ರೈತರಲ್ಲಿ ಹುಟ್ಟಿದ್ದು ಇದನ್ನು ಕಂಡೇ. ಆದ್ದರಿಂದ ಸುಣ್ಣದ ಜೊತೆ ಗೊಬ್ಬರ, ಗೊಬ್ಬರದ ಜೊತೆ ಅಳತೆಯ ಸೀಮೆಗೊಬ್ಬರ. ಒಲೆಗೆ ಮೂರು ಗುಂಡು ಇದ್ದ ಹಾಗೆ ಇವು ಮೂರೂ ಇರಬೇಕು.

ಗೊಬ್ಬರ ಎಲ್ಲಿದೆ, ದನವೇ ಇಲ್ಲವಲ್ಲ ಅಂತೀರಿ, ನಿಜ. ಆದರೆ ಇರುವುದನ್ನು ಉಳಿಸಿಕೊಳ್ಳೋಣ. ಹುಳು ಮನೆಯ ಹಿಕ್ಕೆ, ತಿಂದು ಬಿಟ್ಟ ಕಡ್ಡಿಯನ್ನು ರಸ್ತೆ ಬದಿಗೆ ಸುರಿಯದೆ ಗುಂಡಿಯಲ್ಲಿ ಕಳಿಸಿದರೆ ಎಲೆಯ ಜೊತೆ ಹೋದ ಸುಣ್ಣದಂಶದಲ್ಲಿ ಒಂದು ಪಾಲು ತೋಟಕ್ಕೇ ವಾಪಸು ಬರುತ್ತದೆ. ತಿಪ್ಪೆಯನ್ನು ಬಿಸಿಲು ಮಳೆಗೆ ಹರಡಿ ಬಿಡದೆ ಗುಂಡಿ ತೋಡಿ ಮೇಲೆ ಮಣ್ಣು ಮುಚ್ಚಿ. ಬದುವಿನ ಮೇಲೆ ಗ್ಲಿರಿಸಿಡಿಯ, ಹೊಂಗೆ ಬೆಳೆಸಿ ಸೊಪ್ಪು ಹೊಲಕ್ಕೆ ಹಾಕಿ. ಮುಂಗಾರು ಪೂರ್ವದ ಮಳೆಗೆ ಅಪ್ಸೆಣಬು ಚೆಲ್ಲಿ ಹೂ ಬರುವಾಗ ಉತ್ತುಬಿಡಿ.

ಇನ್ನು ನಮ್ಮ ಹಿರಿಯರು ಬೇಸಿಗೆಯಲ್ಲಿ ಗಾಡಿ ಕಟ್ಟಿ ಕೆರೆಗೋಡು ಹೊಡೆಯುತ್ತಿದ್ದರು. ಅದರ ಒಳಗುಟ್ಟು ಈಗ ನಿಮಗೇ ತಿಳಿದಿರಬೇಕು. ಮಳೆ ತೊಳೆದುಕೊಂಡು ಹೋದ ನುಣ್ಣನೆಯ ಜೇಡಿಯೂ ಕಪ್ಪು ಸಾರವೂ ಸೇರಿಕೊಂಡದ್ದು ಕೆರೆಯ ತಳದಲ್ಲಿ. ಅದನ್ನು ಮರಳು ಹೊಲಕ್ಕೆ ತಂದರೆ ಗೂಟವನ್ನೇ ಹೊತ್ತು ತಂದಂತೆ, ಕೆರೆಯ ಹೂಳೂ ತೆಗೆದಂತೆ. ಕೊಳಚೆ ಸೇರಿದ ಕೆರೆಯದು ಮಾತ್ರ ಬೇಡ.

ಸೀಮೆಗೊಬ್ಬರವನ್ನು ಒಂದೇ ಸಲ ಸುರಿಯಬೇಡಿ. ಗೂಟ ಕಡಿಮೆ ಇರುವ ಕೊಟ್ಟಿಗೆಗೆ ದನವನ್ನು ಸ್ವಲ್ಪ ಸ್ವಲ್ಪವಾಗಿ ತರಬೇಕು. ರಾಗಿಗೆ ಅರ್ಧ ಸಾರಜನಕ ಬಿತ್ತುವಾಗ, ಉಳಿದರ್ಧ 25-30 ದಿನಕ್ಕೆ ಕಳೆ ತೆಗೆದ ಮೇಲೆ. ಹಿಪ್ಪುನೇರಳೆಗೆ ಪ್ರತಿ ಕಟಾವಿನ ನಂತರ ಒಂದೊಂದು ಕಂತು. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜೋರು. ಮೋಡ ಕಟ್ಟಿ ನಿಂತ ದಿನ ಮೇಲುಗೊಬ್ಬರ ಹಾಕಿದರೆ ಅದು ಸೇರುವುದು ಅರ್ಕಾವತಿಗೋ, ಕಣ್ವಕ್ಕೋ, ಶಿಂಷಾಕ್ಕೋ. ಸುಣ್ಣ ಹಾಕಿದ ಹೊಲಕ್ಕೆ ಪೊಟ್ಯಾಷ್ ಮರೆಯಬೇಡಿ, ಕ್ಯಾಲ್ಸಿಯಂ ಹೆಚ್ಚಾದಲ್ಲಿ ಪೊಟ್ಯಾಷ್‌ಗೆ ಪೈಪೋಟಿ ಬೀಳುತ್ತದೆ.

ಸಂಘ ಮಾಡಬಹುದಾದದ್ದು

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ರೈತನ ತೊಂದರೆ ಸಾಲದ ಬಡ್ಡಿಯದು. ಆ ತೊಂದರೆಗೆ ಒಬ್ಬೊಬ್ಬರೇ ಹೊಡೆದಾಡಿ ಫಲವಿಲ್ಲ, ಕೂಡಿ ನಿಲ್ಲಬೇಕು ಎಂಬುದೇ ಸಹಕಾರದ ತತ್ವ. ಮಣ್ಣಿನ ಕೆಲಸಕ್ಕೂ ಅದೇ ತತ್ವ ಸಲ್ಲುತ್ತದೆ. ಬೆಳ್ಳಿಹಬ್ಬದ ಈ ಸಭೆಯ ಮುಂದೆ ನಾವು ಮೂರು ಸಲಹೆ ಇಡುತ್ತೇವೆ.

ಒಂದು, ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಸಂಘದ ಅಂಗಳದಲ್ಲಿ ಮಣ್ಣಿನ ಮಾದರಿ ಸೇರಿಸುವ ದಿನ ಇಡೋಣ. ಎಲ್ಲರ ಚೀಲಗಳನ್ನೂ ಒಂದೇ ಗಾಡಿಯಲ್ಲಿ ಮಾಗಡಿ ತಾಲ್ಲೂಕು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಇಲಾಖೆಯ ಪ್ರಯೋಗಾಲಯಕ್ಕೋ ಕಳಿಸೋಣ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ವಿವರ ಇರುತ್ತದೆ. ಚೀಟಿ ಬಂದ ದಿನ ಗುಂಪಾಗಿ ಕೂತು ಓದಿಸೋಣ. ಓದದ ಚೀಟಿ ಗೋಡೆಗೆ ಅಂಟಿಸಿದ ಪಂಚಾಂಗದಂತೆ.

ಎರಡು, ಸುಣ್ಣ ಬೇಕು ಎಂದು ಬಂದ ಸದಸ್ಯರ ಪಟ್ಟಿ ಮಾಡಿ ಒಟ್ಟಿಗೆ ಲೋಡು ತರಿಸೋಣ. ಸುಣ್ಣದ ಕಲ್ಲಿನ ಪುಡಿ ತೂಕದ ಮಾಲು, ಬೆಲೆಗಿಂತ ಸಾಗಣೆ ಖರ್ಚೇ ಹೆಚ್ಚು. ಒಬ್ಬ ಎರಡು ಕ್ವಿಂಟಾಲ್ ತರಲು ಹೋದರೆ ಗಿಟ್ಟುವುದಿಲ್ಲ, ಐವತ್ತು ಜನ ಸೇರಿದರೆ ಗಿಟ್ಟುತ್ತದೆ.

ಮೂರು, ಊರಿನಲ್ಲಿ ಒಬ್ಬರ ಹೊಲದಲ್ಲಿ ನಾಲ್ಕು ಪಟ್ಟೆ ಮಾಡಿ ನೋಡೋಣ. ಒಂದಕ್ಕೆ ಯೂರಿಯಾ ಮಾತ್ರ, ಒಂದಕ್ಕೆ ಮೂರೂ ಸಾರ, ಒಂದಕ್ಕೆ ಮೂರರ ಜೊತೆ ಕೊಟ್ಟಿಗೆ ಗೊಬ್ಬರ, ಒಂದಕ್ಕೆ ಅದರ ಮೇಲೆ ಸುಣ್ಣ. ಹೊಲ ಮಾತ್ರ ಪರೀಕ್ಷೆಯಲ್ಲಿ ಹುಳಿ ಎಂದು ಬಂದದ್ದೇ ಆಗಿರಲಿ. ಕುಯ್ಲಿನ ದಿನ ಎಲ್ಲರ ಎದುರಿಗೇ ತೂಗೋಣ. ಒಂದು ವರ್ಷಕ್ಕೆ ತೀರ್ಪು ಬೇಡ, ಐದು ವರ್ಷ ನಡೆಸೋಣ. ತಕ್ಕಡಿ ಹೇಳಿದ ಮಾತನ್ನು ಯಾರೂ ಅಲ್ಲಗಳೆಯಲಾರರು.

ಸಾಲ ಕಟ್ಟದಿದ್ದರೆ ಸಂಘ ನೋಟೀಸು ಕೊಡುತ್ತದೆ, ಮಣ್ಣು ನೋಟೀಸು ಕೊಡುವುದಿಲ್ಲ, ಸುಮ್ಮನೆ ಕೊಡುವುದನ್ನು ನಿಲ್ಲಿಸುತ್ತದೆ. ಅದರ ಲೆಕ್ಕದ ಪುಸ್ತಕವನ್ನು ನಾವೇ ಆಗಾಗ ತೆಗೆದು ನೋಡಬೇಕು. ಸಂಘದ ಮುಂದಿನ ಹಬ್ಬ ಸುವರ್ಣ ಮಹೋತ್ಸವ, ಅದಕ್ಕೆ ಇನ್ನು 25 ವರ್ಷ. ಅವತ್ತು ಇಲ್ಲಿ ಕೂರುವವರು ನಮ್ಮ ಮಕ್ಕಳು, ಮೊಮ್ಮಕ್ಕಳು. ಅವರ ಕೈಗೆ ಸಾರ ನಿಲ್ಲುವ ಹೊಲ ಕೊಡೋಣ.